ಮತದ ಗುಂಡಿ ಇಲ್ಲದೆ 18 ವರ್ಷ

2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಕೆರಿಬಿಯನ್ ಸಮುದ್ರದಲ್ಲಿರುವ, ಅಮೆರಿಕಕ್ಕೆ ಸೇರಿದ ಸೇಂಟ್ ಕ್ರಾಯ್ ದ್ವೀಪಕ್ಕೆ ಬಡಿಯಿತು. ಅಲ್ಲಿನ ಆಸ್ಪತ್ರೆ ಹಾಳಾಯಿತು, ಡಯಾಲಿಸಿಸ್ ರೋಗಿಗಳನ್ನು ವಿಮಾನದಲ್ಲಿ ಅಟ್ಲಾಂಟಾಗೆ ಕರೆತಂದರು. ನಾನು ಇಲ್ಲಿ ಕಿಡ್ನಿ ಡಾಕ್ಟರ್. ಹಾಗೆ ಬಂದವರಲ್ಲಿ ಒಬ್ಬ ಅಜ್ಜಿ ನಮ್ಮ ಯೂನಿಟ್‌ಗೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಮಾತ್ರೆಗಳು, ಜೊತೆಗೆ ನಾಲ್ಕಾಗಿ ಮಡಚಿದ ಒಂದು ಚೀಟಿ. ಚೀಟಿಯಲ್ಲಿ ಯಾರೋ ನರ್ಸ್ ಪೆನ್ನಿನಲ್ಲಿ ಬರೆದ ಅವರ ಡ್ರೈ ವೇಟ್, ಅಂದರೆ ಡಯಾಲಿಸಿಸ್ ಮುಗಿದ ಮೇಲೆ ಇರಬೇಕಾದ ತೂಕ. ಶಾಯಿ ನೀರಿಗೆ ಹರಡಿತ್ತು. 61ಓ 67ಓ ಗೊತ್ತಾಗಲಿಲ್ಲ. ಡಯಾಲಿಸಿಸ್‌ನಲ್ಲಿ ಆರು ಕೆ.ಜಿ. ಅಂದರೆ ತುಂಬಾ ದೊಡ್ಡ ವ್ಯತ್ಯಾಸ. ಕಾಲಿನ ಊತ ನೋಡಿ, ಬಿಪಿ ನೋಡಿ, ನಾಲ್ಕು ಸಲ ಡಯಾಲಿಸಿಸ್ ಮಾಡಿದ ಮೇಲೆ ಸರಿಯಾದ ತೂಕ ಸಿಕ್ಕಿತು.

ಆ ಅಜ್ಜಿ ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಆದರೆ ಅಧ್ಯಕ್ಷರ ಚುನಾವಣೆಯಲ್ಲಿ ಒಂದು ಸಲವೂ ವೋಟ್ ಹಾಕಿರಲಿಲ್ಲ. ನನಗೆ ಇದು ಹೊಸದಾಗಿತ್ತು. ಇಷ್ಟು ವರ್ಷ ಈ ದೇಶದಲ್ಲಿದ್ದೂ ತಿಳಿದುಕೊಂಡಿರಲಿಲ್ಲ. ಅಂದಿನಿಂದ ಓದುತ್ತಾ ಹೋದಾಗ ಸಿಕ್ಕವರು, ಅದೇ ದ್ವೀಪದಿಂದ ಅಮೆರಿಕದ ಸಂಸತ್ತಿಗೆ ಹೋಗಿ 18 ವರ್ಷ ಮತವಿಲ್ಲದ ಪ್ರತಿನಿಧಿಯಾಗಿದ್ದ ವೈದ್ಯೆ ಡಾ. ಡಾನಾ ಕ್ರಿಸ್ಟೆನ್‌ಸನ್. ಅವರ ಬಗ್ಗೆ ಬರೆಯಬೇಕು ಅಂತ ಆಗಿನಿಂದಲೂ ಇತ್ತು.

ಮೊದಲು ಹಿನ್ನೆಲೆ. ಸೇಂಟ್ ಕ್ರಾಯ್, ಸೇಂಟ್ ಥಾಮಸ್, ಸೇಂಟ್ ಜಾನ್ ಸೇರಿ ವರ್ಜಿನ್ ಐಲ್ಯಾಂಡ್ಸ್. ಅಮೆರಿಕ ಇವನ್ನು 1917ರಲ್ಲಿ ಡೆನ್ಮಾರ್ಕ್‌ನಿಂದ 2.5 ಕೋಟಿ ಡಾಲರ್ ಕೊಟ್ಟು ಕೊಂಡಿತು. 1927ರಲ್ಲಿ ಜನರಿಗೆ ಪೌರತ್ವ ಬಂತು. ಇದು ರಾಜ್ಯ ಅಲ್ಲ, ಟೆರಿಟರಿ, ಅಂದರೆ ಅಮೆರಿಕದ ಆಡಳಿತದಲ್ಲಿದ್ದರೂ ರಾಜ್ಯದ ಸ್ಥಾನ ಇಲ್ಲದ ಪ್ರದೇಶ. ಹಾಗಾಗಿ ಅಲ್ಲಿ ವಾಸಿಸುವವರೆಗೂ ಅಧ್ಯಕ್ಷರ ಚುನಾವಣೆಯಲ್ಲಿ ಮತ ಇಲ್ಲ. ಸೆನೆಟ್‌ನಲ್ಲಿ ಇವರಿಗೆ ಯಾರೂ ಇಲ್ಲ. ಕೆಳಮನೆಯಾದ ಹೌಸ್‌ಗೆ ಮಾತ್ರ 1973ರಿಂದ ಒಬ್ಬ ಡೆಲಿಗೇಟ್ ಹೋಗುತ್ತಾರೆ. ಡೆಲಿಗೇಟ್ ಮಸೂದೆ ಮಂಡಿಸಬಹುದು, ಭಾಷಣ ಮಾಡಬಹುದು, ಸಮಿತಿಗಳಲ್ಲಿ ಮತ ಹಾಕಬಹುದು. ಆದರೆ ಮಸೂದೆ ಪಾಸಾಗಬೇಕೋ ಬೇಡವೋ ಅಂತ ಇಡೀ ಸದನ ಕೊನೆಗೆ ತೀರ್ಮಾನಿಸುವಾಗ ಅವರ ಮತ ಇಲ್ಲ.

ಡಾನಾ ಅವರ ತಂದೆ ಆಲ್ಮೆರಿಕ್ ಕ್ರಿಶ್ಚಿಯನ್ ಆ ದ್ವೀಪಗಳ ಜಿಲ್ಲಾ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು. ಮಗಳು ಹೋಗಿದ್ದು ವೈದ್ಯಕೀಯಕ್ಕೆ. 1970ರಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಎಂ.ಡಿ., ನಂತರ ಹೋವರ್ಡ್‌ನಲ್ಲಿ ಫ್ಯಾಮಿಲಿ ಮೆಡಿಸಿನ್ ತರಬೇತಿ. 1975ರಲ್ಲಿ ಸೇಂಟ್ ಕ್ರಾಯ್‌ಗೆ ಮರಳಿ ಎಮರ್ಜೆನ್ಸಿ ರೂಮ್ ಡಾಕ್ಟರ್ ಆದರು. ಸುಮಾರು ಎರಡು ದಶಕ ರೋಗಿಗಳನ್ನು ನೋಡಿದರು. ಜೊತೆಜೊತೆಗೆ ಆರೋಗ್ಯ ಇಲಾಖೆಯಲ್ಲಿ ಹಿರಿಯ ಹುದ್ದೆ, ಕೆಲಕಾಲ ಹಂಗಾಮಿ ಕಮಿಷನರ್ ಕೆಲಸ. 1994ರಲ್ಲಿ ಡೆಲಿಗೇಟ್ ಆಗಲು ಹೊರಟು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲೇ ಸೋತರು. 1996ರಲ್ಲಿ ಎರಡನೇ ಸುತ್ತಿನಲ್ಲಿ ವಿಕ್ಟರ್ ಫ್ರೇಜರ್ ಅವರನ್ನು ಸೋಲಿಸಿ ಗೆದ್ದರು. ಅಮೆರಿಕದ ಸಂಸತ್ತಿಗೆ ಬಂದ ಮೊದಲ ಮಹಿಳಾ ವೈದ್ಯೆ ಅವರೇ.

ಈಗ ಮುಖ್ಯ ವಿಷಯಕ್ಕೆ ಬರೋಣ: ಮೆಡಿಕೇಡ್. ಬಡವರ ಆರೋಗ್ಯ ವೆಚ್ಚ ಭರಿಸುವ ಯೋಜನೆ ಇದು. ಖರ್ಚನ್ನು ಕೇಂದ್ರ ಸರ್ಕಾರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ. ರಾಜ್ಯ ಬಡದಾದಷ್ಟೂ ಕೇಂದ್ರದ ಪಾಲು ಜಾಸ್ತಿ, ಶೇ 50ರಿಂದ ಶೇ 83ರವರೆಗೆ. ಖರ್ಚು ಎಷ್ಟೇ ಆಗಲಿ, ಆ ಪಾಲು ಬರುತ್ತಲೇ ಇರುತ್ತದೆ. ಟೆರಿಟರಿಗಳ ಲೆಕ್ಕ ಬೇರೆ. ಅಲ್ಲಿ ಜನ ಎಷ್ಟೇ ಬಡವರಿರಲಿ, ಪಾಲು ಶೇ 50 ಅಂತ ಕಾನೂನಿನಲ್ಲೇ ಬರೆದುಬಿಟ್ಟಿದ್ದರು. ಅದರ ಮೇಲೆ ವರ್ಷಕ್ಕೆ ಇಷ್ಟೇ ಅಂತ ಒಂದು ಮಿತಿ. ಆ ಮಿತಿ ಮುಗಿದ ಮೇಲೆ ಬರುವ 100 ಡಾಲರ್ ಬಿಲ್ಲಿನಲ್ಲಿ 100 ಡಾಲರೂ ದ್ವೀಪದ ಸರ್ಕಾರದ ಜೇಬಿನಿಂದಲೇ ಹೋಗಬೇಕು. ಜೇಬು ಖಾಲಿ ಇದ್ದರೆ? ಆಸ್ಪತ್ರೆಯ ಬಿಲ್ ಬಾಕಿ ಉಳಿಯುತ್ತದೆ, ತಜ್ಞರು ಊರು ಬಿಡುತ್ತಾರೆ, ರೋಗಿ ವಿಮಾನ ಹತ್ತಬೇಕಾಗುತ್ತದೆ. ಡಯಾಲಿಸಿಸ್ ಅಂದರೆ ವಾರಕ್ಕೆ ಮೂರು ದಿನ, ವರ್ಷಪೂರ್ತಿ. ಅದನ್ನು ಮಿತಿಯೊಳಗೆ ಮುಗಿಸಿ ಅಂತ ರೋಗಿಗೆ ಹೇಳೋಕಾಗುತ್ತಾ?

ಇದನ್ನು ಎಮರ್ಜೆನ್ಸಿ ರೂಮಿನಲ್ಲಿ ನಿಂತು ಕಣ್ಣಾರೆ ಕಂಡವರು ಸಂಸತ್ತಿಗೆ ಹೋದರು. ಡೆಲಿಗೇಟ್‌ಗೆ ಸಮಿತಿಯಲ್ಲಿ ಮತ ಇದೆ, ಹಾಗಾಗಿ ಯಾವ ಸಮಿತಿ ಅನ್ನೋದೇ ಎಲ್ಲಕ್ಕಿಂತ ಮುಖ್ಯ. ಡಾನಾ 2009ರಲ್ಲಿ ಎನರ್ಜಿ ಆ್ಯಂಡ್ ಕಾಮರ್ಸ್ ಸಮಿತಿ ಸೇರಿದರು. ಮೆಡಿಕೇಡ್ ಬರೋದೇ ಆ ಸಮಿತಿಯ ಕೆಳಗೆ. ಒಬಾಮಾ ಕಾಲದ ಆರೋಗ್ಯ ಮಸೂದೆ ಅದೇ ವರ್ಷ ಜುಲೈ 31ರಂದು ಅಲ್ಲಿ ಮತಕ್ಕೆ ಬಂತು. 31 ಪರ, 28 ವಿರೋಧ. ಆ 31ರಲ್ಲಿ ಒಂದು ಡಾನಾ ಅವರದು. ಅಂಥ ಇಕ್ಕಟ್ಟಿನ ಮತದಾನದಲ್ಲಿ ಪುಟ್ಟ ದ್ವೀಪದ ಒಂದು ಮತಕ್ಕೂ ದೊಡ್ಡ ರಾಜ್ಯದ ಒಂದು ಮತಕ್ಕೂ ತೂಕ ಒಂದೇ.

2010ರ ಮಾರ್ಚ್ 21, ಭಾನುವಾರ ರಾತ್ರಿ. ಸದನದಲ್ಲಿ ಕೊನೆಯ ಮತದಾನ. ಸದಸ್ಯರು ಕುರ್ಚಿಯ ಹಿಂದಿನ ಸಣ್ಣ ಪೆಟ್ಟಿಗೆಗೆ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಗುಂಡಿ ಒತ್ತುತ್ತಾರೆ, ಹೌದಾದರೆ ಹಸಿರು, ಇಲ್ಲವಾದರೆ ಕೆಂಪು. 219–212ರಲ್ಲಿ ಮಸೂದೆ ಗೆದ್ದಿತು. ವರ್ಷವಿಡೀ ಅದಕ್ಕಾಗಿ ದುಡಿದ ಡಾಕ್ಟರ್‌ಗೆ ಒತ್ತಲು ಗುಂಡಿ ಇರಲಿಲ್ಲ. ನನಗೆ ಇದನ್ನು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಇಡೀ ಕೇಸ್ ನೋಡಿಕೊಂಡ ಡಾಕ್ಟರನ್ನು ಆಪರೇಷನ್ ಹೊತ್ತಿಗೆ ಹೊರಗೆ ನಿಲ್ಲಿಸಿದ ಹಾಗಲ್ವಾ?

ಆದರೆ ಕಾನೂನಿನ ಒಳಗೆ ಅವರು ಮತ್ತು ಉಳಿದ ಡೆಲಿಗೇಟ್‌ಗಳು ಪಟ್ಟು ಹಿಡಿದು ಸೇರಿಸಿದ್ದು ಉಳಿಯಿತು. ಎಲ್ಲಾ ಟೆರಿಟರಿಗಳಿಗೆ ಸೇರಿ ಸುಮಾರು 630 ಕೋಟಿ ಡಾಲರ್ ಹೆಚ್ಚುವರಿ ಮೆಡಿಕೇಡ್ ಹಣ ಬಂತು. ಕೇಂದ್ರದ ಪಾಲು ಶೇ 55ಕ್ಕೆ ಏರಿತು. ವರ್ಜಿನ್ ಐಲ್ಯಾಂಡ್ಸ್‌ಗೆ ಶೇ 83 ಕಾಯಂ ಆಗಿದ್ದು 2022ರ ಕೊನೆಯಲ್ಲಿ, ಆ ಹೊತ್ತಿಗೆ ಡಾನಾ ಸಂಸತ್ತು ಬಿಟ್ಟು ವರ್ಷಗಳಾಗಿದ್ದವು. ವಾರ್ಷಿಕ ಮಿತಿಯನ್ನು ಮಾತ್ರ ಆಗಲೂ ತೆಗೆಯಲಿಲ್ಲ.

ಅವರದು ಬರೀ ಗೆಲುವಿನ ಕಥೆ ಅಂತ ಹೇಳಲ್ಲ. ದ್ವೀಪಗಳ ಹಣಕಾಸಿನ ಮೇಲೆ ಸ್ವತಂತ್ರ ಅಧಿಕಾರಿಯೊಬ್ಬರನ್ನು ಕೂರಿಸಬೇಕು ಅಂತ ಮಸೂದೆ ತಂದಾಗ ಊರಿನಲ್ಲೇ ವಿರೋಧ ಬಂತು. ಅದು ಕಾನೂನಾಗಲಿಲ್ಲ. 2014ರಲ್ಲಿ ಗವರ್ನರ್ ಸ್ಥಾನಕ್ಕೆ ನಿಂತರು, ಎರಡನೇ ಸುತ್ತಿನಲ್ಲಿ ಕೆನೆತ್ ಮ್ಯಾಪ್ ಎದುರು ಸೋತರು. 2015ರ ಜನವರಿಗೆ ಸಂಸತ್ತಿನ ಕೆಲಸವೂ ಮುಗಿಯಿತು. ಒಟ್ಟು 18 ವರ್ಷ.

ಮತ ಇಲ್ಲದವರು ಅಲ್ಲಿ ಏನು ಮಾಡುತ್ತಾರೆ ಅಂತ ಸ್ನೇಹಿತರು ಕೇಳುತ್ತಾರೆ. ಸುಮ್ನೆ ಕೂರುವ ಕೆಲಸ ಅಂತ ನಾನೂ ಅಂದುಕೊಂಡಿದ್ದೆ. ನಾವು ಡಾಕ್ಟರುಗಳು ದಿನವಿಡೀ ಮಾಡುವುದೂ ಅರ್ಧ ಇದೇ ಕೆಲಸ. ಇನ್ಶೂರೆನ್ಸ್‌ನವರು ಒಪ್ಪಿಗೆ ಕೊಡೋದು ನಮ್ಮ ಕೈಯಲ್ಲಿಲ್ಲ. ಆದರೆ ಒಪ್ಪದೆ ಇರಲಾಗದಂಥ ಕೇಸ್ ಬರೆದು ಸರಿಯಾದ ಮೇಜಿಗೆ ತಲುಪಿಸುವುದು ನಮ್ಮ ಕೈಯಲ್ಲಿದೆ. ಡಾನಾ ಅದನ್ನು ಒಂದು ಇಡೀ ಜನಕ್ಕಾಗಿ ಮಾಡಿದರು. ಹಾಗಂತ ಮತ ಇಲ್ಲದಿರುವುದು ಪರವಾಗಿಲ್ಲ ಅನ್ನಲಾರೆ. ಅದು ತಪ್ಪು, ನೂರು ವರ್ಷ ಹಳೆಯ ತಪ್ಪು.

ಅಜ್ಜಿಗೆ ವಾಪಸ್ ಹೋಗುವ ದಾರಿ ಕಾಣದೆ ಮಗಳು ಅವರನ್ನು ಇಲ್ಲೇ ಇಟ್ಟುಕೊಳ್ಳಲು ನಿರ್ಧರಿಸಿದಳು. ಜಾರ್ಜಿಯಾದ ಮೆಡಿಕೇಡ್ ಅರ್ಜಿ ತುಂಬಲು ನಮ್ಮ ಸೋಷಿಯಲ್ ವರ್ಕರ್ ಡಯಾಲಿಸಿಸ್ ಕುರ್ಚಿಯ ಪಕ್ಕ ಕೂತರು. ಆ ಕಾಗದಗಳ ಜೊತೆ ಮತದಾರರ ನೋಂದಣಿಯ ಹಾಳೆಯೂ ಇರುತ್ತದೆ, ಇಲ್ಲಿ ಕಾನೂನೇ ಹಾಗಿದೆ. ಅಜ್ಜಿಯ ಎಡಗೈಗೆ ಸೂಜಿ ಹಾಕಿದ್ದೆವು. ಬಲಗೈಯಲ್ಲಿ ಆ ಹಾಳೆ ಹಿಡಿದು ತುಂಬಾ ಹೊತ್ತು ನೋಡಿದರು. "ಇದನ್ನ ಮೊದಲು ತುಂಬೋಣಮ್ಮ" ಅಂದರು.