ಕಾಂಡಕೋಶ ಚಿಕಿತ್ಸೆ ಎಲ್ಲಿ ಎಡವುತ್ತದೆ, ಯಾಕೆ: ಅಧ್ಯಯನ ಟಿಪ್ಪಣಿ

ಕೊಡಗಿನ ತೋಟಗಳಲ್ಲಿ ಓಡಾಡಿದವರಿಗೆ ಕಾಫಿ ಗಿಡದ ಕಾಂಡದಿಂದ ನೆಟ್ಟಗೆ ಮೇಲೇಳುವ ಚಿಗುರು ಗೊತ್ತಿರುತ್ತದೆ. ಮುರಿಯದೆ ಬಿಟ್ಟರೆ ಗಿಡದ ಸತ್ವವೆಲ್ಲ ಅದಕ್ಕೇ ಹೋಗಿ ಫಸಲು ಬಡವಾಗುತ್ತದೆ. ಕಾಂಡಕೋಶದ (ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಮಾರ್ಪಡಬಲ್ಲ ಮೂಲ ಕೋಶ) ತೊಂದರೆಯೂ ಇದೇ ಜಾಡಿನದು. ಮತ್ತೆ ಮತ್ತೆ ವಿಭಜನೆಯಾಗುವ ಗುಣಕ್ಕಾಗಿಯೇ ಅದು ನಮಗೆ ಬೇಕು, ಅಪಾಯವೂ ಆ ಗುಣದಿಂದಲೇ.

ಭ್ರೂಣದ ಕಾಂಡಕೋಶಗಳನ್ನು ಬೇಕಾದ ಕೋಶವಾಗಿ ಮಾರ್ಪಡಿಸದೆ ಇಲಿಗೆ ಚುಚ್ಚಿದರೆ ಟೆರಟೋಮಾ ಎಂಬ ಗಡ್ಡೆ ಬೆಳೆಯುತ್ತದೆ. ಸೀಳಿ ನೋಡಿದರೆ ಮೃದ್ವಸ್ಥಿ, ಕರುಳಿನ ಒಳಪದರ, ನರದ ಅಂಗಾಂಶ ಅಕ್ಕಪಕ್ಕದಲ್ಲೇ ಕಾಣುತ್ತವೆ. ರೋಗಿಗೆ ಕೊಡುವ ಕೋಟ್ಯಂತರ ಕೋಶಗಳಲ್ಲಿ ಮಾರ್ಪಡದೆ ಉಳಿದ ಕೆಲವೇ ಕೋಶಗಳಿದ್ದರೂ ಆತಂಕ ಇದೇ. ಜಪಾನಿನ ವಿಜ್ಞಾನಿ ಯಮನಾಕ 2006ರಲ್ಲಿ ಇಲಿಯ ಚರ್ಮದ ಕೋಶವನ್ನು ನಾಲ್ಕು ಜೀನ್‌ಗಳಿಂದ ಹಿಂದಿನ, ಭ್ರೂಣದ ಕಾಂಡಕೋಶದಂಥ ಸ್ಥಿತಿಗೆ ಮರಳಿಸಿದಾಗ ಭ್ರೂಣ ನಾಶದ ನೈತಿಕ ಪ್ರಶ್ನೆ ಹಗುರಾಯಿತು. ಆದರೆ ಆ ನಾಲ್ಕರಲ್ಲಿ ಒಂದಾದ ಸಿ-ಮಿಕ್ ಕ್ಯಾನ್ಸರ್ ಜೀನ್.

ತಟ್ಟೆಯಲ್ಲಿ ವಾರಗಟ್ಟಲೆ ಬೆಳೆಸುವಾಗ ಬೇಗ ಬೆಳೆಯುವ ರೂಪಾಂತರಿ ಕೋಶಗಳು ಉಳಿದವನ್ನು ಹಿಂದಿಕ್ಕುತ್ತವೆ. ಕ್ರೋಮೋಸೋಮ್ 20ರ ತುಂಡೊಂದು ಹೆಚ್ಚಾಗುವುದು, ಕ್ಯಾನ್ಸರ್ ತಡೆಯುವ ಪಿ53 ಜೀನ್ ಕೆಡುವುದು ಪದೇ ಪದೇ ಕಂಡುಬಂದಿವೆ. ಕ್ರೋಮೋಸೋಮ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸಾಮಾನ್ಯ ಕ್ಯಾರಿಯೋಟೈಪ್ ಪರೀಕ್ಷೆಗೆ ಸುಮಾರು 50 ಲಕ್ಷ ಬೇಸ್ ಜೋಡಿಗಿಂತ (ಡಿಎನ್‌ಎಯ ಅಕ್ಷರ ಜೋಡಿ) ಚಿಕ್ಕ ಬದಲಾವಣೆ ಕಾಣುವುದಿಲ್ಲ, ಅದೊಂದನ್ನೇ ನಂಬಬಾರದು. ಜಪಾನಿನಲ್ಲಿ 2014ರಲ್ಲಿ, ಯಮನಾಕರ ರೀತಿಯಲ್ಲಿ ಮರಳಿಸಿದ ಕೋಶಗಳಿಂದ ಕಣ್ಣಿನ ಚಿಕಿತ್ಸೆ ಆರಂಭವಾಯಿತು. ಎರಡನೇ ರೋಗಿಯ ಕೋಶಗಳಲ್ಲಿ ಜೀನ್ ಬದಲಾವಣೆ ಸಿಕ್ಕಿದ್ದರಿಂದ ಅಲ್ಲಿಗೇ ತಡೆದರು. ತಡೆದದ್ದು ಸರಿ.

ತಡೆಯದಿದ್ದರೆ ಏನಾಗುತ್ತದೆ ಎನ್ನುವುದಕ್ಕೂ ದಾಖಲೆ ಇದೆ. ಮಾಸ್ಕೋದಲ್ಲಿ ಭ್ರೂಣದ ನರ ಕಾಂಡಕೋಶಗಳನ್ನು ಮಿದುಳಿಗೆ ಹಾಕಿಸಿಕೊಂಡ ಇಸ್ರೇಲಿ ಬಾಲಕನಲ್ಲಿ ನಾಲ್ಕು ವರ್ಷದ ನಂತರ ಗಡ್ಡೆ ಕಂಡಿತು, ಅದರ ಕೋಶಗಳು ದಾನಿಗಳವು. ಅಮೆರಿಕದಲ್ಲಿ ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಿಸಿಕೊಂಡ ಮೂವರು ಮಹಿಳೆಯರು ತೀವ್ರವಾಗಿ ದೃಷ್ಟಿ ಕಳೆದುಕೊಂಡರು (2017ರ ವರದಿ). ನಮ್ಮಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ, ರಕ್ತದ ಕಾಯಿಲೆ ಮುಂತಾದವುಗಳಿಗೆ ಮಾನ್ಯವಾದ ಮಜ್ಜೆ ಕಸಿ (ರಕ್ತ ತಯಾರಿಸುವ ಕಾಂಡಕೋಶಗಳಿರುವ ಮೂಳೆಮಜ್ಜೆಯ ಕಸಿ) ಬಿಟ್ಟು ಉಳಿದ ಬಳಕೆಯನ್ನೆಲ್ಲ ಆಗ ಪ್ರಯೋಗವೆಂದೇ ಎಣಿಸಿತ್ತು. ಪ್ರಯೋಗಕ್ಕೆ ಸೇರಿದ ರೋಗಿಯಿಂದ ಹಣ ಕೇಳುವಂತಿಲ್ಲ. ಆಟಿಸಂಗೆ ‘ಪ್ಯಾಕೇಜ್’ ಹೇಳಿದರೆ ಅಲ್ಲೇ ಎದ್ದು ಬನ್ನಿ.

ಇನ್ನು ಮಾನ್ಯ ಚಿಕಿತ್ಸೆಯ ಕಷ್ಟಗಳು. ಇದನ್ನು ಚೆನ್ನಾಗಿ ಓದಿಕೊಳ್ಳಬೇಕು, ಏಕೆಂದರೆ ನಮ್ಮ ಹಾಡಿಗಳ ಜೇನುಕುರುಬ, ಯರವ ಕುಟುಂಬಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ (ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ) ಇದೆ. ಅದನ್ನು ಬೇರುಸಹಿತ ಗುಣಪಡಿಸಬಲ್ಲ ದಾರಿಗಳಲ್ಲಿ ಹಳೆಯದು ಮಜ್ಜೆ ಕಸಿ. ಹುಟ್ಟಿದಾಗ ಕೂಡಿಟ್ಟ ಮಗುವಿನದೇ ಹೊಕ್ಕುಳಬಳ್ಳಿ ರಕ್ತ ಇಲ್ಲಿ ಪ್ರಯೋಜನಕ್ಕೆ ಬಾರದು, ಅದರಲ್ಲೂ ಅದೇ ಜೀನ್ ಇರುತ್ತದೆ. ದಾನಿ ಬೇಕು. ಒಡಹುಟ್ಟಿದವರ ಎಚ್‌ಎಲ್‌ಎ (ತನ್ನದು, ಪರರದು ಎಂದು ದೇಹ ಗುರುತಿಸುವ ಕೋಶದ ಗುರುತು) ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ (ಕಾಯಿಲೆಯ ಜೀನ್‌ನ ಒಂದೇ ಪ್ರತಿ ಇರುವವರು) ಆ ಒಡಹುಟ್ಟಿದವರಿಗೆ ಕಾಯಿಲೆ ಇಲ್ಲದಿರುವ ಸಾಧ್ಯತೆ ನಾಲ್ಕರಲ್ಲಿ ಮೂರು. ಎರಡೂ ಸೇರಿದರೆ 3/16, ಅಂದರೆ ಶೇ. 19ರಷ್ಟು. ದಾನಿ ವಾಹಕರಾಗಿದ್ದರೆ ಅಡ್ಡಿಯಿಲ್ಲ.

ದಾನಿ ಸಿಕ್ಕರೂ ಮೊದಲು ರೋಗಿಯ ಮಜ್ಜೆಯನ್ನು ಬುಸಲ್ಫಾನ್‌ನಂಥ ಔಷಧಿಯಿಂದ ಖಾಲಿ ಮಾಡಬೇಕು. ಬಾಯಿ ಹುಣ್ಣಾಗುತ್ತದೆ, ಬಂಜೆತನ ಬರಬಹುದು. ಇದನ್ನು ಮೊದಲೇ ಮನೆಯವರಿಗೆ ಬಿಡಿಸಿ ಹೇಳಬೇಕು. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣವಾದ ನ್ಯೂಟ್ರೋಫಿಲ್‌ನ ಎಣಿಕೆ ಮೈಕ್ರೋಲೀಟರ್ ರಕ್ತಕ್ಕೆ 500ಕ್ಕಿಂತ ಕೆಳಗಿರುವ ಎರಡು ಮೂರು ವಾರ ಅತ್ಯಂತ ಅಪಾಯದ ಕಾಲ. ಜ್ವರ ಬಂದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತಕ್ಕೆ ಸೇರಬೇಕು. ಕೋಶ ಬೇರೂರಿದ ಮೇಲೆ ದಾನಿಯ ಲಿಂಫೋಸೈಟ್‌ಗಳು (ಇನ್ನೊಂದು ಬಗೆಯ ಬಿಳಿ ರಕ್ತಕಣ) ರೋಗಿಯ ದೇಹವನ್ನೇ ಪರಕೀಯವೆಂದು ದಾಳಿ ಮಾಡಬಹುದು. ಅಂಗೈ ಅಂಗಾಲಿನಲ್ಲಿ ಕೆಂಪು ದದ್ದು, ನೀರಿನಂಥ ಭೇದಿ, ಕಾಮಾಲೆ ಕಂಡರೆ ಅದೇ ಎಂದು ಅನುಮಾನಿಸಿ.

ಸಾಮಾನ್ಯವಾಗಿ ಮೊದಲ 100 ದಿನ ಕಸಿ ಮಾಡಿದ ಆಸ್ಪತ್ರೆಯ ಹತ್ತಿರವೇ ಉಳಿಯಲು ಹೇಳುತ್ತಾರೆ. ವಿರಾಜಪೇಟೆಯಿಂದ ಬೆಂಗಳೂರಿಗೆ ಐದಾರು ಗಂಟೆಯ ದಾರಿ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಕೂಲಿ ಬಿಟ್ಟು ಜೊತೆಗಿರುವ ತಾಯಿಯ ಬಾಡಿಗೆ, ಊಟವನ್ನೂ ಚಿಕಿತ್ಸೆಯ ಲೆಕ್ಕದಲ್ಲೇ ಹಿಡಿಯಬೇಕು. ಊರಿಗೆ ಮರಳಿದ ಮೇಲೂ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ನಿಲ್ಲುವವರೆಗೆ, ಬೂಷ್ಟು ಹಿಡಿದ ಗೋಡೆಯ ಕೋಣೆ, ಗೊಬ್ಬರದ ಗುಂಡಿ, ಕಾಫಿ ಒಣಗಿಸುವ ಕಣದ ಧೂಳು ಇವುಗಳಿಂದ ಮಗುವನ್ನು ದೂರವಿಡಬೇಕು. ಅಲ್ಲಿರುವ ಆಸ್ಪರ್ಜಿಲಸ್ ಶಿಲೀಂಧ್ರದ ಬೀಜಕಣ ನಮ್ಮ ಶ್ವಾಸಕೋಶದಲ್ಲಿ ಸದ್ದಿಲ್ಲದೆ ಸಾಯುತ್ತದೆ, ಆ ಮಗುವಿನಲ್ಲಿ ಮೊಳೆಯುತ್ತದೆ.