ಊರು ಬದಲಾದರೆ ಉದ್ಯಮದ ಪಾಠವೂ ಬದಲಾಗಬೇಕು

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ತರಗತಿ ಅಭ್ಯಾಸ ಜಗತ್ಪ್ರಸಿದ್ಧ. ಪ್ರತಿ ತಂಡಕ್ಕೆ 5 ಡಾಲರ್ ಬಂಡವಾಳ, ಎರಡು ಗಂಟೆ ಸಮಯ. ಎಷ್ಟು ದುಡಿಯುತ್ತೀರೋ ದುಡಿಯಿರಿ, ಆಮೇಲೆ ಮೂರು ನಿಮಿಷದಲ್ಲಿ ತರಗತಿಗೆ ವಿವರಿಸಿ. ಗೆದ್ದ ತಂಡ 5 ಡಾಲರನ್ನು ಮುಟ್ಟಲೇ ಇಲ್ಲ. ತನ್ನ ಪಾಲಿನ ಮೂರು ನಿಮಿಷವನ್ನೇ, ಆ ವಿದ್ಯಾರ್ಥಿಗಳನ್ನು ನೌಕರಿಗೆ ಸೆಳೆಯಬೇಕೆಂದಿದ್ದ ಕಂಪನಿಗೆ 650 ಡಾಲರಿಗೆ ಮಾರಿತು. ಜಾಣತನವೇನೋ ಹೌದು, ಆದರೆ ಆ ನಿಮಿಷಗಳಿಗೆ ಬೆಲೆ ಕಟ್ಟಿದ್ದು ಸ್ಟ್ಯಾನ್‌ಫರ್ಡ್ ಎಂಬ ಹೆಸರು. ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಅದೇ ಅಭ್ಯಾಸ ಮಾಡಿಸಿದರೆ ತಂಡಗಳು ನಿಂಬೆ ಪಾನಕ ಮಾರುತ್ತವೆ, ಸಹಪಾಠಿಗಳು ದಾಕ್ಷಿಣ್ಯಕ್ಕೆ ಕುಡಿಯುತ್ತಾರೆ. ಮಾರುಕಟ್ಟೆ ಎಂದರೇನು ಎಂಬುದು ಇಬ್ಬರಿಗೂ ತಿಳಿಯುವುದಿಲ್ಲ.

ಪಾಠವನ್ನು ನೆಲಕ್ಕೆ ತಕ್ಕಂತೆ ಕಟ್ಟಿದ್ದಕ್ಕೆ ಒಳ್ಳೆಯ ಮಾದರಿ ಉಗಾಂಡದ ಮಕೆರೆರೆ ವಿಶ್ವವಿದ್ಯಾಲಯದಲ್ಲಿ ನಡೆದ 'ಸ್ಟೆಪ್' ತರಬೇತಿ. ಜರ್ಮನಿಯ ಲ್ಯೂಫಾನಾ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು ಅಲ್ಲಿನ ಅಧ್ಯಾಪಕರೊಂದಿಗೆ ಸೇರಿ ರೂಪಿಸಿದ ಇದರಲ್ಲಿ ಮೂರು ಮೂರು ಗಂಟೆಯ 12 ತರಗತಿಗಳಿವೆ. ತರಬೇತಿ ನಡೆಯುತ್ತಿರುವಾಗಲೇ ಪ್ರತಿ ತಂಡವೂ ನಿಜವಾದ ವ್ಯಾಪಾರ ಶುರುಮಾಡಬೇಕು. ಸುಮಾರು 100 ಡಾಲರ್ ಬಂಡವಾಳ ಸಿಗುತ್ತದೆ, ಕೊನೆಗೆ ಅದನ್ನು ಹಿಂದಿರುಗಿಸಬೇಕು. ಈ ಹಿಂದಿರುಗಿಸುವ ಷರತ್ತೇ ಮುಖ್ಯ. ಬಿಟ್ಟಿ ಹಣವಾದರೆ ಅದು ಬಹುಮಾನದಂತೆ ಖರ್ಚಾಗುತ್ತದೆ. ಮನೆಯವರಿಂದ ತನ್ನಿ ಎಂದರೆ ಅನುಕೂಲಸ್ಥರ ಮಕ್ಕಳು ಮಾತ್ರ ಉಳಿಯುತ್ತಾರೆ. ನಷ್ಟಕ್ಕೆ ಇಷ್ಟೇ ಎಂಬ ಮಿತಿ ಇರಬೇಕು, ಆದರೆ ನಷ್ಟವಾದರೆ ಚುರುಕು ಮುಟ್ಟಲೂ ಬೇಕು.

ಕೈಯಾರೆ ಮಾಡಿಸಿದ ಮಾತ್ರಕ್ಕೆ ಎಲ್ಲೆಡೆ ಫಲ ಸಿಗುತ್ತದೆಂದೂ ಅಲ್ಲ. ವಿದ್ಯಾರ್ಥಿಗಳಿಂದ ಪುಟ್ಟ ಕಂಪನಿ ನಡೆಸಿಸುವ, ಅಮೆರಿಕ ಮೂಲದ ಕಾರ್ಯಕ್ರಮವೊಂದನ್ನು ನೆದರ್‌ಲ್ಯಾಂಡ್ಸಿನ ಕಾಲೇಜಿನಲ್ಲಿ ಪರೀಕ್ಷಿಸಿದ 2010ರ ಅಧ್ಯಯನದಲ್ಲಿ ಕೌಶಲ ಹೆಚ್ಚಲಿಲ್ಲ, ಸ್ವಂತ ಉದ್ಯಮ ಮಾಡುವ ಆಸೆಯೂ ಕುಗ್ಗಿತ್ತು. ಇದನ್ನು ಸೋಲು ಎಂದು ಬರೆದುಹಾಕುವುದು ಅವಸರವಾದೀತು. ತನಗೆ ಒಗ್ಗದ ದಾರಿ ಯಾವುದೆಂದು ಇಪ್ಪತ್ತರ ವಯಸ್ಸಿನಲ್ಲೇ ಗೊತ್ತಾಗುವುದೂ ಲಾಭವೇ.

ಪಾಠ ಊರು ಬದಲಿಸಿದಾಗ ಮೊದಲು ಎಡವುವುದು ಗಿರಾಕಿಯ ಸಂದರ್ಶನದಲ್ಲಿ. 'ಇಂಥದ್ದು ಮಾಡಿದರೆ ಕೊಳ್ಳುತ್ತೀರಾ?' ಎಂದು ನಮ್ಮ ಕಡೆಯ ಹಿರಿಯರನ್ನು ಕೇಳಿ ನೋಡಿ: 'ಮಾಡಪ್ಪಾ, ಒಳ್ಳೇದಾಗಲಿ' ಎನ್ನುತ್ತಾರೆ. ವಿದ್ಯಾರ್ಥಿ ಅದನ್ನು ಬೇಡಿಕೆ ಎಂದು ಬರೆದುಕೊಳ್ಳುತ್ತಾನೆ. ಅವರು ಕೊಟ್ಟದ್ದು ಆಶೀರ್ವಾದ. ಪ್ರಶ್ನೆಯನ್ನೇ ತಿರುಗಿಸಬೇಕು. ಹೋದ ತಿಂಗಳು ಇದನ್ನು ಎಲ್ಲಿ ತಂದಿರಿ, ಎಷ್ಟು ಕೊಟ್ಟಿರಿ, ನಗದೋ ಉದ್ರಿಯೋ, ಅಂಗಡಿ ಬದಲಿಸಿದ್ದು ಯಾಕೆ? ನಡೆದು ಹೋದದ್ದನ್ನು ಹೇಳಲು ದಾಕ್ಷಿಣ್ಯ ಅಡ್ಡ ಬರುವುದಿಲ್ಲ. ಕೊನೆಗೆ ಹತ್ತು ರೂಪಾಯಿ ಮುಂಗಡ ಕೇಳಬೇಕು. ಹೊಗಳಿದವರಲ್ಲಿ ಎಷ್ಟು ಜನ ಜೇಬಿಗೆ ಕೈ ಹಾಕಿದರು ಎಂಬುದೇ ಆ ವಾರದ ಅಂಕ.

ಎರಡನೆಯ ತೊಡಕು ಮನೆಯದು. ಅಮೆರಿಕದ ಪಠ್ಯದಲ್ಲಿ ಉದ್ಯಮಿ ಒಂಟಿ, ನಿರ್ಧಾರ ಅವನದೇ. ಅಪ್ಪ, ಅತ್ತೆ, ಗಂಡ ಒಪ್ಪದೆ ಹೊಸಿಲು ದಾಟಲಾಗದ ಕಡೆ ಆ ಪಾಠ ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ. ಸ್ವಉದ್ಯೋಗಿ ಮಹಿಳೆಯರ ಸಂಘಟನೆಯಾದ 'ಸೇವಾ' ಅಹಮದಾಬಾದಿನಲ್ಲಿ ಕಟ್ಟಿದ ಬ್ಯಾಂಕಿನ ಮಹಿಳಾ ಗ್ರಾಹಕರಿಗೆ ಎರಡು ದಿನದ ತರಬೇತಿ ಕೊಟ್ಟ ಸಂಶೋಧಕರು, ಕೆಲವರಿಗೆ ಒಬ್ಬ ಗೆಳತಿಯನ್ನು ಕರೆತರಲು ಹೇಳಿದರು. ಗೆಳತಿಯೊಡನೆ ಬಂದವರೇ ಮುಂದೆ ವ್ಯಾಪಾರಕ್ಕೆಂದು ಹೆಚ್ಚು ಸಾಲ ತೆಗೆದರು, ವಹಿವಾಟು ಬೆಳೆಸಿದರು. ಓಡಾಟಕ್ಕೆ ಕಟ್ಟುಪಾಡು ಹೆಚ್ಚಿರುವ ಸಮುದಾಯದ ಹೆಂಗಸರಲ್ಲಿ ಈ ಪರಿಣಾಮ ಇನ್ನೂ ಎದ್ದು ಕಾಣುತ್ತಿತ್ತು. ಪಠ್ಯದ ಒಂದು ಸಾಲೂ ಬದಲಾಗಿರಲಿಲ್ಲ. ಹಾಗಾಗಿ ಕಾಲೇಜಿನಲ್ಲಿ ತಂಡ ಕಟ್ಟುವಾಗ ಹಾಜರಿ ಪಟ್ಟಿಯ ಕ್ರಮ ಹಿಡಿಯದೆ, ಒಂದೇ ಬಸ್ಸಿನಲ್ಲಿ ಬಂದುಹೋಗುವ ಹುಡುಗಿಯರನ್ನು ಜೊತೆಗೆ ಹಾಕುವುದು ಮೇಲು. ಸಂಜೆ ಗಿರಾಕಿಯ ಮನೆಗೆ ಹೋಗುವಾಗ ಜೊತೆಗೊಬ್ಬಳು ಇರುತ್ತಾಳೆ.

ಲೆಕ್ಕಪತ್ರದ ಮಾತು ಬೇಗ ಮುಗಿಯುತ್ತದೆ. ಡೊಮಿನಿಕನ್ ಗಣರಾಜ್ಯದ ಸಣ್ಣ ವ್ಯಾಪಾರಿಗಳ ಮೇಲೆ ನಡೆದ ಪ್ರಯೋಗದಲ್ಲಿ ಪೂರ್ಣ ಅಕೌಂಟಿಂಗ್ ಪಾಠಕ್ಕಿಂತ, ಮನೆಯ ಹಣ ಅಂಗಡಿಯ ಹಣ ಬೇರೆ ಇಡಿ ಎಂಬಂಥ ಸರಳ ಸೂತ್ರಗಳೇ ಹೆಚ್ಚು ಫಲ ಕೊಟ್ಟವು. ಎರಡು ಡಬ್ಬಿ, ಒಂದು ವಹಿ ಸಾಕು.

ಇನ್ನು ಟೋಗೋ ದೇಶದ ಪ್ರಯೋಗ. 2017ರಲ್ಲಿ ಪ್ರಕಟವಾದ ಇದರಲ್ಲಿ 1500 ಸಣ್ಣ ವ್ಯಾಪಾರಿಗಳಿದ್ದರು. ತಾನೇ ಮುಂದಾಗಿ ಅವಕಾಶ ಹುಡುಕುವ, ಅಡ್ಡಿ ಬಂದರೂ ಬಿಡದ ಮನೋಭಾವ ಕಲಿತವರ ಲಾಭ ಶೇ 30ರಷ್ಟು ಏರಿತು. ಸಾಂಪ್ರದಾಯಿಕ ವ್ಯವಹಾರ ತರಬೇತಿ ಪಡೆದವರಲ್ಲಿ ಕಂಡ ಶೇ 11ರ ಏರಿಕೆ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ಎಲ್ಲರೂ ಆ ಶೇ 30ನ್ನು ಉಲ್ಲೇಖಿಸುತ್ತಾರೆ. 36 ಗಂಟೆಯ ತರಗತಿ ಮುಗಿದ ಮೇಲೆ ನಾಲ್ಕು ತಿಂಗಳು, ತಿಂಗಳಿಗೊಮ್ಮೆ, ತರಬೇತುದಾರ ಅಂಗಡಿಗೇ ಹೋಗಿ ಮೂರು ಗಂಟೆ ಕೂರುತ್ತಿದ್ದ ಎಂಬುದನ್ನು ಬಿಟ್ಟುಬಿಡುತ್ತಾರೆ. ನಮ್ಮ ಸೆಮಿಸ್ಟರ್ ಪದ್ಧತಿಯಲ್ಲಿ ಪರೀಕ್ಷೆ ಮುಗಿದ ಮರುದಿನ ಕೋರ್ಸೂ ಮುಗಿಯಿತು. ಆ ನಾಲ್ಕು ಭೇಟಿಗಳ ಗಂಟೆಗಳನ್ನು ಅಧ್ಯಾಪಕರ ಕಾರ್ಯಭಾರದಲ್ಲಿ, ಬಸ್ ಚಾರ್ಜನ್ನು ಇಲಾಖೆಯ ಬಜೆಟ್ಟಿನಲ್ಲಿ, ಪಠ್ಯಕ್ರಮ ಬರೆಯುವಾಗಲೇ ಸೇರಿಸಿರಬೇಕು.