ಚೀನಾದ ‘ನೀ’ ನಮ್ಮ ‘ನೀ’ ಅಲ್ಲ

ಚೀನಾದಲ್ಲಿ ಎದುರು ಸಿಕ್ಕವರಿಗೆ ‘ನೀ ಹಾವ್’ ಅಂತಾರಲ್ಲ, ಅದರಲ್ಲಿರೋ ‘ನೀ’ಗೆ ಅರ್ಥ ‘ನೀನು’ ಅಂತಲೇ. ಇಷ್ಟು ಗೊತ್ತಾದ ತಕ್ಷಣ ನಮ್ಮೋರಲ್ಲಿ ಎಷ್ಟೋ ಜನ, ನೋಡಿ ಚೀನೀ ಭಾಷೆಗೂ ಕನ್ನಡವೇ ತಾಯಿ ಅಂತ ಶುರು ಮಾಡಿಬಿಡ್ತಾರೆ, ಆಮೇಲೆ ಅದು ಫಾರ್ವರ್ಡ್ ಆಗಿ ಶಿವಮೊಗ್ಗದಿಂದ ಹೊರಟು ತೀರ್ಥಹಳ್ಳಿ ಸಾಗರ ಎಲ್ಲಾ ಸುತ್ತಿ ವಾಪಸ್ ನಮ್ಮ ಫೋನಿಗೇ ಬರುತ್ತೆ. ಭಾಷೆ ಮೇಲೆ ಪ್ರೀತಿ ಇರ್ಲಿ, ಬೇಕು. ಆದ್ರೆ ಸುಳ್ಳು ಹೇಳಿ ದೊಡ್ಡದು ಮಾಡಬೇಕಾದಷ್ಟು ಬಡ ಭಾಷೆ ಅಲ್ಲ ಮಾರಾಯ್ರೆ ನಮ್ದು, ಅದಕ್ಕೇ ನಂಗೆ ಇದ್ರ ಮೇಲೆ ಸಿಟ್ಟು.

ಈ ಒಂದು ಸಣ್ಣ ಅಕ್ಷರ ಹಿಡ್ಕೊಂಡು ಬೇರೆ ಕಡೆಗೂ ಹೋಗಿ ನೋಡಿ. ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ಭಾಷೇಲಿ ‘ನಿ’ ಅಂದ್ರೆ ನಾನು, ನೈಜೀರಿಯಾ ಕಡೆಯ ಹೌಸಾದಲ್ಲೂ ನಾನು, ವೇಲ್ಸ್‌ನವರಿಗೆ ನಾವು, ಜಪಾನಿನವರಿಗೆ ಎರಡು, ಡೆನ್ಮಾರ್ಕ್ ನಾರ್ವೆಯವರಿಗೆ ಒಂಬತ್ತು, ಸ್ವೀಡನ್‌ನವರಿಗೆ ನೀವು. ಚೀನಾದಲ್ಲೇ ಧ್ವನಿ ಮೇಲಕ್ಕೆ ಎತ್ತಿ ‘ನೀ’ ಅಂದ್ರೆ ಕೆಸರು, ಕೆಳಕ್ಕೆ ಇಳಿಸಿದ್ರೆ ಮುಳುಗೋದು! ಫಾರ್ವರ್ಡ್ ಮಾಡೋರು ಇದ್ರಲ್ಲಿ ತಮಗೆ ಬೇಕಾದ ಒಂದನ್ನ ಆರಿಸ್ಕೊಂಡು ಉಳಿದಿದ್ದನ್ನ ಬಿಟ್ಟುಬಿಡ್ತಾರೆ.

ಹಾಗಾದ್ರೆ ಅರ್ಥ ಕೂಡ ಒಂದೇ ಆಗಿದ್ದು ಹೇಗೆ? ಲೆಕ್ಕ ಹಾಕೋಣ. ಒಂದು ಭಾಷೇಲಿ 20 ವ್ಯಂಜನ, 5 ಸ್ವರ ಇದ್ರೆ ‘ಕಾ’ ‘ನೀ’ ‘ಮೂ’ ಥರದ ಸರಳ ಅಕ್ಷರ ಆಗೋದು 100 ಮಾತ್ರ. ನಾನು ನೀನು ಅನ್ನೋ ಮಾತು ದಿನಕ್ಕೆ ಎಷ್ಟು ಸಲ ಬರುತ್ತೋ ಯಾರಿಗೆ ಗೊತ್ತು, ಹಾಗೆ ಪದೇ ಪದೇ ಬಾಯಿಗೆ ಬರೋ ಪದಗಳೇ ಎಲ್ಲಾ ಕಡೆ ಗಿಡ್ಡ ಆಗಿರ್ತವೆ, ಇದನ್ನ ಜಿಫ್ ಅನ್ನೋ ಅಮೆರಿಕದ ಭಾಷಾತಜ್ಞರು 1930ರ ದಶಕದಲ್ಲೇ ತೋರಿಸಿದ್ರು. ಅಂದ್ರೆ ಅವೆಲ್ಲಾ ಈ 100ರ ಒಳಗೇ ಜಾಗ ಹುಡುಕಬೇಕು, ಅದ್ರಲ್ಲೂ ನ-ಕಾರ, ಇ-ಕಾರ ಹೆಚ್ಚುಕಮ್ಮಿ ಎಲ್ಲಾ ಭಾಷೆಗಳಲ್ಲೂ ಇರೋವು. ಈಗ ಪ್ರಪಂಚದಲ್ಲಿ ಸುಮಾರು 7,000 ಭಾಷೆ ಇದಾವೆ. ಅವುಗಳನ್ನ ಎರಡೆರಡಾಗಿ ಜೋಡಿ ಮಾಡಿದ್ರೆ ಸುಮಾರು 2 ಕೋಟಿ 45 ಲಕ್ಷ ಜೋಡಿ. ‘ನೀನು’ ಅನ್ನೋ ಪದ ಸಾವಿರಕ್ಕೆ ಒಂದು ಜೋಡಿಯಲ್ಲಿ ಮಾತ್ರ ತಾನಾಗೇ ಹೊಂದುತ್ತೆ ಅಂತ ಇಟ್ಕೊಂಡ್ರೂ 24 ಸಾವಿರ ಜೋಡಿ ಸಿಕ್ಕೇ ಸಿಗ್ತವೆ, ಯಾವ ಸಂಬಂಧವೂ ಇಲ್ದೆ! ಶಿವಮೊಗ್ಗದ ಕೆಎ-14 ಬಸ್ಸಿಗೂ ಸಾಗರದ ಕೆಎ-15 ಕಾರಿಗೂ ಕೊನೇ ನಾಲ್ಕು ನಂಬರ್ ಒಂದೇ ಇದ್ರೆ ಇಬ್ಬರೂ ಒಂದೇ ಮನೆಯವರು ಅಂತ ಯಾರಾದ್ರೂ ಹೇಳ್ತಾರಾ, ಇರೋದೇ ನಾಲ್ಕು ಅಂಕಿ, ಗಾಡಿ ಲಕ್ಷಾಂತರ.

ನಂಗೆ ತುಂಬಾ ಖುಷಿ ಕೊಡೋದು ಸ್ವೀಡನ್ ಕಥೆ. ಅಲ್ಲಿ ‘ನೀವು’ ಅನ್ನೋಕೆ ಮೊದ್ಲು ಇದ್ದಿದ್ದು ಬರೀ ‘ಈ’. ಬಹುವಚನದ ಕ್ರಿಯಾಪದ ‘ನ್’ ಅಂತ ಮುಗೀತಿತ್ತು, ‘ಹಾವೆನ್ ಈ’ ಅಂದ್ರೆ ‘ನಿಮ್ಮ ಹತ್ರ ಇದೆಯಾ’ ಅಂತ. ಮಾತಿನ ಓಟದಲ್ಲಿ ಆ ‘ನ್’ ಹಿಂದಿನ ಪದದ್ದೋ ಮುಂದಿನ ಪದದ್ದೋ ಅನ್ನೋದು ಕೇಳೋರಿಗೆ ಗೊತ್ತಾಗದೆ ‘ಹಾವೆ ನೀ’ ಅಂತ ಒಡೆದುಕೊಂಡ್ರು, ನ-ಕಾರ ಜಾಗ ಬದಲಾಯಿಸಿ ಅಲ್ಲೇ ಅಂಟಿಕೊಳ್ತು. (1967ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಮುಖ್ಯಸ್ಥ ಬ್ರೂರ್ ರೆಕ್ಸೆಡ್ ತಮ್ಮ ಸಿಬ್ಬಂದಿ ಎಲ್ಲರನ್ನೂ ‘ದು’, ಅಂದ್ರೆ ಏಕವಚನದಲ್ಲೇ ಮಾತಾಡಿಸ್ತೀನಿ ಅಂದ್ರು, ಈಗ ಇಡೀ ದೇಶ ಹಾಗೇ ಮಾತಾಡೋದು. ನಮ್ಮ ಆಫೀಸುಗಳಲ್ಲಿ ಊಹಿಸ್ಕೊಳ್ಳಿ!) ಈಗ ಆಗುಂಬೆ ಘಾಟಿ ಇಳಿದು ತುಳುನಾಡಿಗೆ ಬನ್ನಿ, ಅಲ್ಲಿ ‘ನೀನು’ ಅನ್ನೋಕೆ ‘ಈ’ ಅಂತಾರೆ, ಆದ್ರೆ ‘ನಿನ್ನ’ ಅನ್ನೋಕೆ ‘ನಿನ್ನ’ನೇ, ಅಂದ್ರೆ ಒಂದು ಕಾಲದಲ್ಲಿ ಇದ್ದ ನ-ಕಾರ ‘ನೀನು’ ಅನ್ನೋ ರೂಪದಲ್ಲಿ ಮಾತ್ರ ಬಿದ್ದುಹೋಗಿದೆ. ಸ್ವೀಡನ್‌ನಲ್ಲಿ ಅಂಟಿದ್ದು, ತುಳುವಿನಲ್ಲಿ ಉದುರಿದ್ದು. ಕೇಳೋಕೆ ನಮ್ಮ ‘ನೀ’ ಥರ ಇರೋದು ಸ್ವೀಡನ್‌ನದ್ದು, ನಿಜವಾದ ನೆಂಟಸ್ತನ ಇರೋದು ತುಳುವಿಗೆ.

ಚೀನಾದ್ದೂ ಹಾಗೇ. ಅಲ್ಲಿನ ಹಳೇ ಗ್ರಂಥಗಳಲ್ಲಿ ‘ನೀನು’ ಅನ್ನೋಕಿದ್ದ ಒಂದು ಅಕ್ಷರವನ್ನ ಇವತ್ತು ಓದೋದು ‘ಅರ್’ ಅಂತ, ‘ನೀ’ ಅದರದ್ದೇ ಆಡುಮಾತಿನ ಕುಡಿ. ಆ ಭಾಷೆಯ ಬಳಗ ಟಿಬೆಟನ್, ಬರ್ಮೀಸ್.

ನೆಂಟಸ್ತನ ಹಿಡಿಯೋದು ಹೋಲಿಕೆಯಿಂದ ಅಲ್ಲ, ಕ್ರಮ ತಪ್ಪದ ವ್ಯತ್ಯಾಸದಿಂದ. ತಮಿಳಲ್ಲಿ ಪಾಲ್, ಪುಲಿ, ಪಲ್, ನಮ್ಮಲ್ಲಿ ಹಾಲು, ಹುಲಿ, ಹಲ್ಲು. ಒಂದಲ್ಲ ಎರಡಲ್ಲ, ಪದ ಪದಕ್ಕೂ ಅದೇ ಪ, ಅದೇ ಹ. ಹಳಗನ್ನಡದಲ್ಲಿ ನಮಗೂ ಪ-ಕಾರವೇ ಇತ್ತು, ಅದಕ್ಕೆ ಸಾಕ್ಷಿ ಹೊಸನಗರ ತಾಲೂಕಿನಲ್ಲೇ ಇದೆ. ಸಾಂತರರ ರಾಜಧಾನಿ ಹುಂಚದ ಹೆಸರು ಶಾಸನಗಳಲ್ಲಿ ‘ಪೊಂಬುರ್ಚ’. ಪೊನ್ ಹೋಗಿ ಹೊನ್ನು ಆಯ್ತು, ಪೊಂಬುರ್ಚ ಹೊಂಬುಜ ಆಯ್ತು, ಹುಂಚ ಆಯ್ತು. ಇಂಥ ಸಾಲುಗಳನ್ನ ಜೋಡಿಸಿಯೇ 1816ರಲ್ಲಿ ಮದ್ರಾಸಿನ ಬ್ರಿಟಿಷ್ ಅಧಿಕಾರಿ ಎಲ್ಲಿಸ್, 1856ರಲ್ಲಿ ಪಾದ್ರಿ ಕಾಲ್ಡ್‌ವೆಲ್ ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದ್ದಲ್ಲ, ಬೇರೆಯದೇ ಒಂದು ಕುಟುಂಬ ಅಂತ ತೋರಿಸಿದ್ದು.

ದೂರದ ನೆಂಟರೇ ಬೇಕು ಅನ್ನೋರಿಗೆ ಬಲೂಚಿಸ್ತಾನದ ಬ್ರಾಹುಯಿ ಭಾಷೆ ಇದೆ, ಪಾಕಿಸ್ತಾನದಲ್ಲಿ. ಅಲ್ಲೂ ‘ನೀನು’ಗೆ ‘ನೀ’ ಅಂತಾರೆ, ಆದ್ರೆ ಬರೀ ಅದನ್ನ ನಂಬ್ಕೊಂಡು ಯಾರೂ ಅದನ್ನ ನಮ್ಮ ಕುಟುಂಬಕ್ಕೆ ಸೇರಿಸಿಲ್ಲ. ನಮ್ಮ ಕಣ್ಣು ಅಲ್ಲಿ ‘ಖನ್’, ಕಲ್ಲು ‘ಖಲ್’, ಕ ಇರೋ ಕಡೆ ಮತ್ತೆ ಮತ್ತೆ ಗಂಟಲಿಂದ ಬರೋ ಖ. ಎರಡು ‘ಇರಟ್’, ಮೂರು ‘ಮುಸಿಟ್’, ನಾಲ್ಕರಿಂದ ಮುಂದಕ್ಕೆ ಮಾತ್ರ ಅಕ್ಕಪಕ್ಕದ ಇರಾನಿ ಭಾಷೆಗಳ ಎಣಿಕೆ.